ರೆಕ್ಕೆಯ ಆಚೆ ಬದಿ

ಇದನ್ನು ಹೇಳುವ ಅರ್ಹತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ, ಮೂವತ್ತು ವರ್ಷ ಮೆಕ್ಕೆಜೋಳದ ಉಗ್ರಾಣದಲ್ಲಿ ದುಡಿದವನು. ವಿಮಾನದ ಕೆಲಸ ಕಲಿತದ್ದು ನಲವತ್ತು ದಾಟಿದ ಮೇಲೆ, ಸಂಜೆ ತರಗತಿಯಲ್ಲಿ, ತಲೆಗೂದಲಲ್ಲಿ ಜೋಳದ ಧೂಳು ಇಟ್ಟುಕೊಂಡೇ. ಪರೀಕ್ಷೆ ಪಾಸಾದದ್ದು ನಿಜ. ಆದರೂ ಒಂದು ನಟ್ಟು ಬಿಗಿದರೆ ಮೂರು ಸಲ ಮುಟ್ಟಿ ನೋಡದೆ ಮನೆಗೆ ಹೋಗಲಾರೆ. ಅರ್ಧ ದಾರಿಯಿಂದ ತಿರುಗಿ ಬಂದು ನೋಡಿದ್ದೂ ಉಂಟು. ಈ ಕಥೆಯಲ್ಲಿ ತಪ್ಪಿದ್ದರೆ ಅದು ನನ್ನದು, ಅರ್ಡಿಸ್ ಟೈಗನ್ ಅವರದಲ್ಲ. ಬರೆದಿಡು ಎಂದದ್ದು ಮಾತ್ರ ಅವರೇ.

ಅವರ ಹೊಲ ನಮ್ಮ ಊರಿನಿಂದ ಆರು ಮೈಲಿ, ಅಯೋವಾದ ಉತ್ತರ ಅಂಚಿನಲ್ಲಿ. ಏಪ್ರಿಲ್ ತಿಂಗಳಲ್ಲಿ ಫೋನ್ ಬಂತು.

"ಲೈಲ್, ನೀನು ಬಟ್ಟೆ ವಿಮಾನ ಹೊಲೀತೀಯಂತೆ?"

"ಒಂದೆರಡು ಮಾಡಿದೀನಿ ಮಿಸೆಸ್ ಟೈಗನ್. ಹಂಗೇನೂ ದೊಡ್ಡ..."

"ಹೊಲೀತೀಯೋ ಇಲ್ವೋ?"

"ಹೊಲೀತೀನಿ."

"ಹಾಗಾದ್ರೆ ಬಾ. ಗಂಟಲು ಸರಿ ಮಾಡ್ಕೊಳ್ಳೋದೆಲ್ಲ ಇಲ್ಲಿ ಬಂದು ಮಾಡ್ಕೋ."

ಮನೆಯ ಹಿಂದೆ, ಅಡುಗೆಮನೆ ಕಿಟಕಿಗೆ ಎದುರಾಗಿ ಒಂದು ಕೊಟ್ಟಿಗೆ. ಹಿಂದೆ ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದದ್ದು. ಅವರ ಗಂಡ ಓರಿನ್ ಅದಕ್ಕೆ ಹಲಗೆಯ ನೆಲ ಹಾಕಿ, ಜಾರುಬಾಗಿಲು ಇಟ್ಟು, ಹ್ಯಾಂಗರ್ ಎಂದು ಹೆಸರಿಟ್ಟಿದ್ದ. ಒಳಗೆ ಎರಡು ಸೀಟಿನ ಹಳದಿ ವಿಮಾನದ ಮೈ ಇತ್ತು. ಎಡ ರೆಕ್ಕೆ ತೊಲೆಯಿಂದ ತೂಗುತ್ತಿತ್ತು. ಬಲ ರೆಕ್ಕೆ ಇರಲಿಲ್ಲ.

ಅದು ಯಾಕಿಲ್ಲ ಎಂದು ಊರಿಗೆಲ್ಲ ಗೊತ್ತು. ಎಪ್ಪತ್ನಾಲ್ಕರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಓರಿನ್ ಹಾರಿದ. ತನ್ನದೇ ಹೊಲದಂಚಿನ ಮರಗಳ ಸಾಲಿಗೆ ಬಲ ರೆಕ್ಕೆ ಬಡಿಸಿಕೊಂಡು ಸತ್ತ. ಸರ್ಕಾರದವರು ಬಂದು ನೋಡಿ, ಕಾರಣ ತಿಳಿಯಲಿಲ್ಲ ಎಂದು ಬರೆದು ಹೋದರು. ಮುರಿದ ರೆಕ್ಕೆಯನ್ನು ಅವನ ಅಣ್ಣ ಅದೇ ವಾರ ಸುಟ್ಟುಹಾಕಿದ.

ಮೊದಲ ದಿನವೇ ಅರ್ಡಿಸ್ ಕಾಫಿ ತಂದು, ಕುರ್ಚಿ ಎಳೆದುಕೊಂಡು ಕೂತರು. ಎಪ್ಪತ್ತೊಂಬತ್ತು ವರ್ಷ, ನಡೆಯಲು ಊರೆಗೋಲು, ಮಾತಿಗೆ ಯಾವ ಊರೆಗೋಲೂ ಬೇಡ.

"ಇದು ಹಾರ್ಲಿ, ಬಿಡ್ಲಿ, ನಂಗೆ ಅದು ಬೇಕಾಗಿಲ್ಲ. ಎಡ ರೆಕ್ಕೆ ಬಟ್ಟೆ ಬಿಚ್ತೀಯಲ್ಲ, ಅದನ್ನ ಎಸೀಬೇಡ. ಓದಿ ಹೇಳು."

"ಬಟ್ಟೇನ ಓದೋದಾ?"

"ಕೇಳು ಮೊದ್ಲು."

ಅವರು ಹೇಳಿದ್ದು ಅರ್ಥವಾಗಬೇಕಾದರೆ ಈ ಹೊಲಿಗೆಯ ರೀತಿ ಸ್ವಲ್ಪ ತಿಳಿದಿರಬೇಕು. ರೆಕ್ಕೆಯ ಒಳಗೆ ಮರದ ಪಕ್ಕೆಲುಬುಗಳಿರುತ್ತವೆ. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಒಂದೇ ನೂಲಿನಿಂದ ಪಕ್ಕೆಲುಬಿಗೆ ಬಿಗಿಯಬೇಕು. ಅದಕ್ಕೆ ರೆಕ್ಕೆಯನ್ನು ಗೋಡೆಯಂತೆ ಅಂಚಿನ ಮೇಲೆ ನಿಲ್ಲಿಸಿ ಈಚೆ ಒಬ್ಬರು, ಆಚೆ ಒಬ್ಬರು ನಿಲ್ಲುತ್ತಾರೆ. ಈಚೆಯವರು ಮೊಳದುದ್ದದ ಸೂಜಿಯನ್ನು ತೂರಿಸಿದರೆ, ಆಚೆಯವರು ಹಿಡಿದು, ಪಕ್ಕೆಲುಬಿನ ಮತ್ತೊಂದು ಮಗ್ಗುಲಿನಿಂದ ಹಿಂದಕ್ಕೆ ತೂರಿಸುತ್ತಾರೆ. ಈಚೆಯವರು ಗಂಟು ಹಾಕುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ನೂಲು ಬಟ್ಟೆಯನ್ನು ಕೊಯ್ಯಬಾರದೆಂದು ಎರಡೂ ಬದಿಯಲ್ಲಿ ನೂಲಿನ ಕೆಳಗೆ ಬೆರಳಗಲದ ನಾರುಪಟ್ಟಿ ಇಡಬೇಕು. ಅದು ಮುಖ್ಯ. ಕೊನೆಗೆ ಎಲ್ಲದರ ಮೇಲೆ ಅಗಲವಾದ ಬಟ್ಟೆಪಟ್ಟಿ ಅಂಟಿಸಿ, ಬಟ್ಟೆ ಬಿಗಿಯುವ ಅಂಟುಬಣ್ಣ ಬಳಿದರೆ ಒಳಗೆ ಏನಿದೆ, ಏನಿಲ್ಲ, ಯಾರಿಗೂ ತಿಳಿಯದು.

"ಓರಿನ್ ಈಚೆ, ನಾನು ಆಚೆ," ಎಂದರು ಅರ್ಡಿಸ್. "ಕೊನೇ ಮೂರು ಪಕ್ಕೆಲುಬು ಬಂದಾಗ ನನ್ನ ಕಡೆ ನಾರುಪಟ್ಟಿ ಮುಗಿದೋಯ್ತು. ಯಾಕೆ ಮುಗೀತು ಅಂದ್ರೆ, ಜೂನ್‌ನಲ್ಲಿ ನಾನೇ ಸುರುಳಿಯಿಂದ ಉದ್ದುದ್ದ ಮೂರು ತುಂಡು ಕತ್ತರಿಸಿ ಟೊಮೇಟೊ ಗಿಡಕ್ಕೆ ಗೂಟದಿಂದ ಗೂಟಕ್ಕೆ ಕಟ್ಟಿದ್ದೆ. ಗಟ್ಟಿಯಾಗಿತ್ತು ನೋಡು."

ನಾನು ನಗಬಾರದಿತ್ತು. ನಕ್ಕೆ. ಅವರೂ ನಕ್ಕರು.

"ಅವತ್ತು ಬೆಳಗಿಂದ ಜಗಳ. 'ನಿನಗೆ ಮದುವೆ ಆಗಿರೋದು ನನ್ನ ಜೊತೆಗಲ್ಲ, ಈ ರೆಕ್ಕೆ ಜೊತೆ' ಅಂದಿದ್ದೆ. 'ಪಟ್ಟಿ ಇದೆಯಾ?' ಅಂತ ಅವನ ಕಡೆಯಿಂದ ಕೇಳ್ದ. 'ಇದೆ' ಅಂದೆ. ಸೂಜಿ ಬಂತು, ಪಟ್ಟಿ ಇಲ್ಲದೇನೇ ವಾಪಸ್ ತೂರಿಸ್ದೆ. ಆಮೇಲೆ ಅವನು ಬಂದು ನೋಡೋಕೆ ಮುಂಚೆ ಮೇಲೆ ಅಗಲ ಪಟ್ಟಿ ಅಂಟಿಸಿಬಿಟ್ಟೆ. ಹನ್ನೊಂದು ದಿನ ಕಳೀತು. ಬಿದ್ದ."

"ಯಾವ ರೆಕ್ಕೆ?"

"ಅದೇ ನೆನಪಿಲ್ಲ ಕಣಯ್ಯಾ. ಐವತ್ತು ವರ್ಷದಿಂದ ನೆನೀತಿದೀನಿ. ಅಕ್ಕಪಕ್ಕದೋರು ಬಲ ರೆಕ್ಕೆ ಬಟ್ಟೆ ಪಟಪಟ ಅಂತಿತ್ತು ಅಂದ್ರು. ಈಗ ಎಡ ರೆಕ್ಕೇಲಿ ಮೂರು ಪಟ್ಟಿ ಇಲ್ಲದೇ ಇದ್ರೆ ನನ್ನ ತಪ್ಪು ಅಲ್ಲಿದೆ, ಅವನನ್ನ ಕೊಂದಿದ್ದು ನಾನಲ್ಲ. ಎಡ ರೆಕ್ಕೇಲಿ ಎಲ್ಲಾ ಪಟ್ಟಿ ಇದ್ರೆ..." ಕಾಫಿ ಲೋಟವನ್ನು ನೆಲಕ್ಕಿಟ್ಟರು. "ಸಾಯೋಕೆ ಮುಂಚೆ ಗೊತ್ತಾಗ್ಬೇಕು ಅಷ್ಟೇ. ಇನ್ನೊಂದು ವಿಷಯ. ದಕ್ಷಿಣದ ಗಾಳಿ ಬಿಟ್ಟಾಗ ಇಲ್ಲಿ ಹೆಜ್ಜೆ ಸಪ್ಪಳ ಆಗತ್ತೆ. ಹೆದರಿ ಓಡೋಗ್ಬೇಡ."

"ಯಾರ ಹೆಜ್ಜೆ?"

"ಇನ್ಯಾರದ್ದು?"

ಮೇ ತಿಂಗಳಲ್ಲಿ ನನಗೂ ಅದು ಕೇಳಿಸಿತು. ಮೈಯ ಕೊಳವೆಗಳ ತುಕ್ಕು ಉಜ್ಜುತ್ತಿದ್ದೆ. ಬೆನ್ನ ಹಿಂದೆ ಹಲಗೆ ಸದ್ದು ಮಾಡಿತು: ಏಳು ಹೆಜ್ಜೆ, ನಿಂತಿತು. ಮತ್ತೆ ಏಳು, ನಿಂತಿತು. ತಿರುಗಿದೆ, ಯಾರೂ ಇಲ್ಲ. ಹಲಗೆಗಳು ಬಿಸಿಲಿಗೆ ಹಿಗ್ಗುತ್ತವೆ ಎಂಬುದು ನನಗೆ ಗೊತ್ತು, ತರಗತಿಯಲ್ಲೇ ಹೇಳಿಕೊಟ್ಟಿದ್ದರು. ಹಲಗೆ ಎಣಿಸಿಕೊಂಡು ಹಿಗ್ಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಪಕ್ಕದ ಹೊಲದ ಮೆಲ್ವಿನ್ ಸ್ಕಾರ್ ಒಂದು ಮಧ್ಯಾಹ್ನ ಬಂದ. ಎಂಬತ್ತೈದು ವರ್ಷ; ಬಾಗಿಲಲ್ಲೇ ಶುರು.

"ಏನಯ್ಯಾ ಲೈಲ್, ವಿಮಾನ ಮಾಡ್ತಿದೀಯೋ, ಅರ್ಡಿಸ್ ಕಿಟಕಿಗೆ ಪರದೆ ಹೊಲೀತಿದೀಯೋ?"

"ಎರಡಕ್ಕೂ ಅದೇ ಕತ್ತರಿ."

"ಅವಳು ನಿಂಗೆ ಊಟಾನಾದ್ರೂ ಹಾಕ್ತಾಳಾ? ನಂಗೆ ಐವತ್ತು ವರ್ಷದಿಂದ ಒಂದು ಬಿಸ್ಕತ್ತಿಲ್ಲ."

ಬಟ್ಟೆ ಹಾರಾಡುತ್ತಿತ್ತೆಂದು ಆಗ ಹೇಳಿದವನು ಇವನೇ. ಕೇಳಬಾರದೆಂದುಕೊಂಡೇ ಕೇಳಿದೆ. "ಮೆಲ್ವಿನ್, ಅವತ್ತು ನೀವು ಕಣ್ಣಾರೆ ನೋಡಿದ್ರಾ?"

ಅವನು ಟೋಪಿ ತೆಗೆದು ಒಳಗೆ ನೋಡಿದ, ಉತ್ತರ ಅಲ್ಲಿ ಇದ್ದ ಹಾಗೆ. "ನಾನು ಟ್ರ್ಯಾಕ್ಟರ್ ಮೇಲಿದ್ದೆ. ಸೂರ್ಯ ಎದುರಿಗಿದ್ದ. ಏನೋ ಅಲ್ಲಾಡ್ದಂಗಾಯ್ತು. ಎಲ್ರೂ ಬಂದು ಏನು ನೋಡ್ದೆ, ಏನು ನೋಡ್ದೆ ಅಂತಿದ್ರು. ಏನಾದ್ರೂ ಹೇಳ್ಬೇಕಲ್ಲ. ಐವತ್ತು ವರ್ಷ ಹೇಳೀ ಹೇಳೀ ಈಗ ನೋಡಿದ ಹಾಗೇ ಇದೆ."

ಇದನ್ನು ಅರ್ಡಿಸ್‌ಗೆ ಹೇಳಲಿಲ್ಲ. ರೆಕ್ಕೆ ಏನು ಹೇಳುತ್ತದೋ ನೋಡೋಣ ಎಂದುಕೊಂಡೆ.

ಜುಲೈನಲ್ಲಿ ಒಂದು ಗುರುವಾರ ಎಡ ರೆಕ್ಕೆಯ ಬಟ್ಟೆ ಬಿಚ್ಚಲು ಶುರು ಮಾಡಿದೆ. ಹಳೆಯ ಅಂಟುಬಣ್ಣದ ವಾಸನೆ, ಕೊಳೆತ ಬಾಳೆಹಣ್ಣಿನಂತೆ, ಮುಖಕ್ಕೆ ಬಡಿಯಿತು. ಅರ್ಡಿಸ್ ನಿಂತಿದ್ದ ಬದಿಯ ಅಗಲ ಪಟ್ಟಿಗಳನ್ನು ಒಂದೊಂದಾಗಿ ಕೆರೆದೆ. ಮೊದಲ ಪಕ್ಕೆಲುಬಿನಲ್ಲಿ ನಾರುಪಟ್ಟಿ ಇತ್ತು. ಎರಡನೆಯದರಲ್ಲೂ. ಹೀಗೇ ತುದಿಯವರೆಗೆ ಹೋದೆ. ಹದಿಮೂರರಲ್ಲೂ ಪಟ್ಟಿ ಇತ್ತು.

ಅಂದರೆ ತಪ್ಪು ಇದ್ದದ್ದು ಸುಟ್ಟುಹೋದ ರೆಕ್ಕೆಯಲ್ಲಿ.

ಸಂಜೆ ಅವರು ಕಿಟಕಿಯಿಂದ ಕೂಗಿದರು: "ಏನಾಯ್ತು?"

"ಇನ್ನೂ ಪೂರ್ತಿ ನೋಡಿಲ್ಲ ಮಿಸೆಸ್ ಟೈಗನ್," ಎಂದೆ. ಅದು ಸುಳ್ಳು. ಅದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದೆ ಹೋಗಲಾರೆ. ಎರಡು ದಿನ ಆ ಸುಳ್ಳಿನೊಂದಿಗೆ ಊಟ ಮಾಡಿದೆ. ಸುಳ್ಳನ್ನೇ ಮುಂದುವರಿಸಿ 'ಪಟ್ಟಿ ಇಲ್ಲ, ನಿಮ್ಮ ತಪ್ಪಲ್ಲ' ಎಂದುಬಿಡಲೇ ಎಂದೂ ಯೋಚಿಸಿದೆ. ಆಮೇಲೆ ಆ ಬಟ್ಟೆಯನ್ನು ತೋರಿಸು ಎಂದರೆ?

ಶನಿವಾರ, ನಟ್ಟನ್ನು ಮೂರು ಸಲ ಮುಟ್ಟುವ ಚಾಳಿಯಿಂದಲೇ, ಇನ್ನೊಮ್ಮೆ ಮೊದಲಿಂದ ನೋಡಿದೆ. ಗುರುವಾರ ನಾನು ಪಟ್ಟಿ ಇದೆಯೋ ಇಲ್ಲವೋ ಎಂದಷ್ಟೇ ನೋಡಿದ್ದೆ. ಹೆದರಿದವನ ಕಣ್ಣು ಅಷ್ಟೇ ನೋಡುವುದು. ಈಗ ಗಂಟುಗಳನ್ನು ನೋಡಿದೆ. ಹತ್ತು ಪಕ್ಕೆಲುಬುಗಳಲ್ಲಿ ಗಂಟುಗಳೆಲ್ಲ ಓರಿನ್ ನಿಂತಿದ್ದ ಬದಿಯಲ್ಲಿದ್ದವು, ಇರಬೇಕಾದಂತೆ. ತುದಿಯ ಮೂರರಲ್ಲಿ ಗಂಟುಗಳು ಅರ್ಡಿಸ್ ನಿಂತಿದ್ದ ಬದಿಯಲ್ಲಿದ್ದವು. ಪ್ರತಿ ಹೊಲಿಗೆಯ ಪಕ್ಕದಲ್ಲಿ ಇನ್ನೊಂದು ತೂತು, ನೂಲಿಲ್ಲದ ಖಾಲಿ ತೂತು. ಮತ್ತು ಆ ಮೂರು ನಾರುಪಟ್ಟಿಗಳ ಮೇಲೆ ಅಲ್ಲಲ್ಲಿ ಕಪ್ಪು ಹಸಿರು ಕಲೆ. ಟೊಮೇಟೊ ಗಿಡ ಮುಟ್ಟಿದ ಬೆರಳಿಗೆ ಹತ್ತುತ್ತದಲ್ಲ, ಆ ಕಲೆ.

ನೇರ ಮನೆಗೆ ಹೋಗಿ ಅವರನ್ನು ಕರೆತಂದೆ.

ಅವರು ಕಲೆಯ ಮೇಲೆ ಹೆಬ್ಬೆರಳು ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

"ಮಣ್ಣಿಗೆ ಕೊಟ್ಟು ಬಂದ ಮಾರನೇ ದಿನ ಟೊಮೇಟೊ ಕೀಳೋಕೆ ಹೋದೆ," ಎಂದರು. "ಗಿಡಕ್ಕೆಲ್ಲ ಹುಲ್ಲು ಕಟ್ಟೋ ಹುರಿ ಕಟ್ಟಿತ್ತು. ನಾದಿನಿ ಕಟ್ಟಿರ್ಬೇಕು ಅಂದ್ಕೊಂಡೆ."

"ಅವರು ಅಲ್ಲಿ ನಿಮ್ಮ ಪಟ್ಟಿ ನೋಡಿರ್ಬೇಕು. ನೋಡಿ ತಿಳ್ಕೊಂಡಿರ್ಬೇಕು. ಹಳೇ ಹೊಲಿಗೆ ಕತ್ತರಿಸಿ, ಅದೇ ಪಟ್ಟಿ ಇಟ್ಟು, ಮತ್ತೆ ಹೊಲಿದಿದಾರೆ."

"ಒಬ್ನೇನಾ? ಒಬ್ಬ ಹೆಂಗೆ ಹೊಲೀತಾನೆ? ಆಚೆ ಯಾರು?"

"ಯಾರೂ ಇರಲಿಲ್ಲ ಅನ್ಸತ್ತೆ. ಹೀಗೆ." ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸಿದೆ. ಅರ್ಡಿಸ್ ಅವರ ಬದಿಯಲ್ಲಿ ನಿಂತು ಸೂಜಿ ತೂರಿಸಿದೆ. ರೆಕ್ಕೆಯ ತುದಿ ಬಳಸಿ ಆಚೆ ನಡೆದೆ, ನಿಂತೆ, ಸೂಜಿಯನ್ನು ಹಿಂದಕ್ಕೆ ತೂರಿಸಿದೆ. ಮತ್ತೆ ಈಚೆ ನಡೆದೆ, ನಿಂತೆ, ಗಂಟು ಹಾಕಿದೆ. ಹಲಗೆಯ ಮೇಲೆ ನನ್ನ ಬೂಟು ಸದ್ದು ಮಾಡುತ್ತಿತ್ತು. ಮೂರನೆಯ ಸುತ್ತಿನಲ್ಲಿ ನನಗೇ ಕೇಳಿಸಿತು. ಏಳು ಹೆಜ್ಜೆ, ನಿಲುಗಡೆ.

"ನಿಲ್ಸು," ಎಂದರು ಅರ್ಡಿಸ್. ಆಮೇಲೆ, "ಇಲ್ಲ, ಇನ್ನೊಂದ್ಸಲ ನಡಿ."

ನಡೆದೆ.

"ಜಗಳದ ಮಾರನೇ ದಿನ," ಎಂದರು. "ಅಡುಗೆಮನೇಲಿ ಹುರುಳಿಕಾಯಿ ಮುರೀತಿದ್ದೆ. ಮಧ್ಯಾಹ್ನದಿಂದ ಹಾಲು ಕರೆಯೋ ಹೊತ್ತಿನ ತನಕ ಇದೇ ಸದ್ದು. ಸಿಟ್ಟಲ್ಲಿ ಶತಪಥ ತಿರುಗ್ತಿದಾನೆ ಅಂದ್ಕೊಂಡೆ. ಬಿಟ್ಟು ಹೋಗೋ ಯೋಚನೆ ಮಾಡ್ತಿದಾನೆ ಅಂದ್ಕೊಂಡೆ. ತಿರುಗ್ಲಿ, ಕಾಲು ನೋವು ಬರ್ಲಿ ಅಂತ ಹುರುಳಿಕಾಯಿ ಮುರೀತಾನೇ ಇದ್ದೆ." ರೆಕ್ಕೆಯ ಕಡೆ ತಿರುಗಿ, "ಎಷ್ಟು ಹೊಲಿಗೆ?"

"ಒಂದೊಂದಕ್ಕೆ ಇಪ್ಪತ್ತೆರಡು. ಅರವತ್ತಾರು."

"ಒಂದು ಮಾತು ಕರೆದಿದ್ರೆ ಬರ್ತಿದ್ನಲ್ಲೋ ನಾನು." 'ಬರ್ತಿದ್ದೆನಾ?' ಎಂದು ತಮ್ಮನ್ನೇ ಕೇಳಿಕೊಂಡರು. "ಲೈಲ್, ಅವನು ಸಿಟ್ಟಲ್ಲಿ ಹೊಲಿದ್ನೋ, ಪ್ರೀತೀಲಿ ಹೊಲಿದ್ನೋ? ಹೊಲಿಗೆ ನೋಡಿ ಹೇಳಕ್ಕಾಗತ್ತಾ?"

"ಆಗಲ್ಲ. ಬಿಗಿಯಾಗಿದೆ ಅಂತ ಮಾತ್ರ ಹೇಳ್ಬಹುದು."

"ಹಾಗಾದ್ರೆ ಯಾಕೆ ಬಿದ್ದ?"

ಮೆಲ್ವಿನ್ ಹೇಳಿದ್ದನ್ನು ಆಗ ಹೇಳಿದೆ. ಅದಕ್ಕಿಂತ ಹೆಚ್ಚು ನನ್ನ ಬಳಿ ಇರಲಿಲ್ಲ. ಅವರು ಸಮಾಧಾನಪಡುತ್ತಾರೆ ಎಂದುಕೊಂಡಿದ್ದೆ. ಆ ಪೆದ್ದುತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ನನ್ನ ತಪ್ಪು ಅಂತಿದ್ದಾಗ ಒಂದು ಉತ್ತರ ಅಂತಾದ್ರೂ ಇತ್ತು," ಎಂದರು ಅರ್ಡಿಸ್. "ಗಾಳಿ ಮೆಲ್ಲಗಿತ್ತು, ಆಕಾಶ ಶುಭ್ರ ಇತ್ತು, ಆ ಮರ ಅವನೇ ನೆಟ್ಟಿದ್ದು, ಕಾಣದೇ ಇರೋಕೆ ಸಾಧ್ಯಾನಾ? ಹನ್ನೊಂದು ದಿನ ನಾನು ಅವನ ಹತ್ರ ಉಪ್ಪು ಕೊಡು, ಬಾಗಿಲು ಹಾಕು ಅನ್ನೋದು ಬಿಟ್ಟು ಬೇರೆ ಮಾತಾಡಿಲ್ಲ." ಅಷ್ಟು ಹೇಳಿ ಊರೆಗೋಲು ಹಿಡಿದು ಮನೆಗೆ ಹೋದರು. ಒಂದು ವಾರ ಕಾಫಿ ಬರಲಿಲ್ಲ.

ಎಂಟನೆಯ ದಿನ ಬಂದರು. "ಹೊಸ ಬಟ್ಟೆ ಹಾಕಿದ್ಯಾ? ಸರಿ, ಆಚೆ ನಾನು ನಿಲ್ತೀನಿ. ಪಟ್ಟಿ ಇದೆಯಾ ಅಂತ ಕೇಳ್ಬೇಡ, ಬಂದು ನೋಡು. ಪ್ರತಿ ಸಲ ಬಂದು ನೋಡು."

ನೋಡಿದೆ. ಸೂಜಿ ಒಮ್ಮೆಯೂ ತಪ್ಪು ಮಗ್ಗುಲಿನಿಂದ ಬರಲಿಲ್ಲ. ಹತ್ತು ಪಕ್ಕೆಲುಬು ಇಬ್ಬರೂ ಸೇರಿ ಮುಗಿಸಿದೆವು. ಹನ್ನೊಂದನೆಯದಕ್ಕೆ ಅವರು ಸೂಜಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. "ಇವು ಮೂರೂ ನೀನೊಬ್ನೇ ಹೊಲಿ. ನಾನು ಕೇಳಿಸ್ಕೋತೀನಿ." ಮಧ್ಯಾಹ್ನದಿಂದ ಸಂಜೆಯವರೆಗೆ ಹೊಲಿದೆ. ಕಣ್ಣು ಮುಚ್ಚಿ ಕೂತಿದ್ದರು. ನಡುವೆ ಒಮ್ಮೆ, ನನಗಲ್ಲ, ರೆಕ್ಕೆಯ ಆಚೆ ಬದಿಗೆ, "ಬರ್ಲಾ?" ಎಂದರು. ನಾನು ಮುಂದಿನ ಗಂಟು ಹಾಕಿದೆ. ಉತ್ತರ ಕೊಡುವುದು ನನ್ನ ಕೆಲಸವಲ್ಲ ಅನ್ನಿಸಿತು.

ಬಲಕ್ಕೆ ಇನ್ನೊಂದು ಹಳೆಯ ವಿಮಾನದ ರೆಕ್ಕೆ ಸಿಕ್ಕಿದೆ, ಮುಂದಿನ ವರ್ಷ ಹೊಲಿಯಬೇಕು. ಅರ್ಡಿಸ್ ಚಳಿಗಾಲಕ್ಕೆ ಮುಂಚೆ ತೀರಿಕೊಂಡರು. ಹೆಜ್ಜೆ ಸಪ್ಪಳ ನಿಂತಿತೋ ಎಂದು ನಾನು ಅವರನ್ನು ಕೇಳಲಿಲ್ಲ.

ಓರಿನ್ ಯಾಕೆ ಬಿದ್ದ ಎಂಬುದು ನನಗೆ ಗೊತ್ತಿಲ್ಲ. ತಿಳಿದೂ ಅವನು ಹತ್ತು ದಿನ ಯಾಕೆ ಬಾಯಿ ಬಿಡಲಿಲ್ಲ ಎಂಬುದೂ ಗೊತ್ತಿಲ್ಲ. ನಾನು ಹೇಳಿದ್ದರಿಂದ ಆ ಮುದುಕಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ಅದೂ. ಅವರನ್ನು ಮಣ್ಣು ಮಾಡಿದ ವಾರ ದಕ್ಷಿಣದ ಗಾಳಿ ಬಿಟ್ಟಿತ್ತು. ಅಂಟುಬಣ್ಣ ಉಜ್ಜುತ್ತಿದ್ದಾಗ ಹಿಂದೆ ಹೆಜ್ಜೆ ಶುರುವಾಯಿತು. ಈ ಸಲ ಎಣಿಸಿದೆ. ಒಂದು ಸುತ್ತಿಗೆ ಒಂದು ಹೊಲಿಗೆ. ಅರವತ್ತಾರಕ್ಕೆ ನಿಲ್ಲುತ್ತದೆಯೇ ನೋಡಬೇಕಿತ್ತು. ನಲವತ್ತೊಂದಕ್ಕೆ, ನಿಲ್ಲುತ್ತದೋ ಇಲ್ಲವೋ ತಿಳಿಯುವುದೇ ಬೇಡ ಅನ್ನಿಸಿ, ಬಣ್ಣ ಸಿಂಪಡಿಸುವ ಗಾಳಿಯಂತ್ರದ ಸ್ವಿಚ್ಚು ಹಾಕಿಬಿಟ್ಟೆ. ಅದರ ಗದ್ದಲದಲ್ಲಿ ಮತ್ತೇನೂ ಕೇಳಿಸಲಿಲ್ಲ.