ಕಡಿಮೆ ಉಪ್ಪಿನ ಐದು ತಿಂಗಳು

ಕ್ಷೌರಿಕ ಒಂದು ತಲೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ಗಾಜಿನ ತೊಟ್ಟಿಯ ಮುಂದೆ ಬಗ್ಗಿ ನೋಡಿ ಬರುತ್ತಿದ್ದ. ಕೆಲವೊಮ್ಮೆ ಅರ್ಧ ತಲೆಯಲ್ಲೇ ಕತ್ತರಿ ಇಟ್ಟು ಹೋಗುತ್ತಿದ್ದ. "ಕಿವಿ ಎರಡೂ ಇವೆ ತಾನೇ? ಮುಟ್ಟಿ ನೋಡ್ಕೊಂಡೇ ಹೋಗ್ತೀನಪ್ಪ" ಎಂದು ಹಳೆಯ ಗಿರಾಕಿಗಳು ನಗುತ್ತಿದ್ದರು. ಅವನಿಗೆ ನಗು ಬರುತ್ತಿರಲಿಲ್ಲ.

ತೊಟ್ಟಿಯಲ್ಲಿ ಸಮುದ್ರದ ಐದು ಮೀನುಗಳಿದ್ದವು. ತಟ್ಟೆಯಂಥ ಹಳದಿ ಮೀನೊಂದು ಉಳಿದವನ್ನೆಲ್ಲ ಗದರಿಸಿಕೊಂಡು ಓಡಾಡುತ್ತಿದ್ದುದರಿಂದ ಅದಕ್ಕೆ 'ಯಜಮಾನ' ಎಂದು ಹೆಸರಿಟ್ಟಿದ್ದ. ಐದು ತಿಂಗಳ ಹಿಂದೆ ಮೈಮೇಲೆ ಬಿಳಿ ಚುಕ್ಕೆ ಎದ್ದು ಎರಡೇ ದಿನದಲ್ಲಿ ಮೂರು ಮೀನು ಸತ್ತಿದ್ದವು. ಮೀನಿನ ಅಂಗಡಿಯಾಕೆಯ ಮಾತಿನಂತೆ ನೀರಿನ ಉಪ್ಪನ್ನು, ಉಪ್ಪಳೆಯುವ ಕೊಳವೆಯಲ್ಲಿ ಮೂವತ್ತೈದು ಗೆರೆ ಇದ್ದದ್ದನ್ನು, ಹದಿಮೂರಕ್ಕೆ ಇಳಿಸಿದ್ದ. ಚುಕ್ಕೆ ತರುವ ಹುಳ ಆ ಸಪ್ಪೆ ನೀರಿನಲ್ಲಿ ಉಳಿಯಲಿಲ್ಲ. ಆರು ವಾರ ಕಳೆದ ಮೇಲೆ ಉಪ್ಪನ್ನು ಮತ್ತೆ ಏರಿಸಬೇಕಿತ್ತು. ಚುಕ್ಕೆ ಮರಳೀತೆಂದು ಅವನಿಗೆ ಧೈರ್ಯ ಬರಲಿಲ್ಲ. ಇನ್ನೊಂದು ವಾರ ಇರಲಿ, ಇನ್ನೊಂದು ವಾರ ಎನ್ನುತ್ತಲೇ ದಿನ ತಳ್ಳಿದ.

ಅವನ ತಂಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಾರ್ಡಿನ ನರ್ಸ್. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವಳು ತೊಟ್ಟಿಯ ಮುಂದೆ ನಿಂತೇಬಿಟ್ಟಳು.

"ಅಣ್ಣಾ, ನಿನ್ನ ಯಜಮಾನ ಯಾಕೋ ಬಿಳಿಚಿಕೊಂಡಿದ್ದಾನೆ. ಹೊಟ್ಟೆ ಒಳಗೆ ಹೋಗಿದೆ ನೋಡು."

"ತಿಂತಾನಲ್ಲ. ಚುಕ್ಕೆಯಂತೂ ಒಂದೂ ಇಲ್ಲ."

"ಚುಕ್ಕೆ ಇಲ್ದಿದ್ರೆ ಆಯ್ತಾ? ಮೂಲೆ ಹಿಡಿದು ಉಸಿರಾಡ್ತಿದ್ದಾನೆ. ಉಪ್ಪು ಎಷ್ಟಿದೆ?"

"ಹದಿಮೂರು."

"ಇನ್ನೂನಾ!" ಅವಳು ಕುರ್ಚಿಗೆ ಕುಸಿದಳು. "ಸಮುದ್ರದ ಪ್ರಾಣಿ ಕಣೋ ಅದು. ಉಪ್ಪನ್ನ ಹೊರಗೆ ಹಾಕೋದಕ್ಕೇ ಮಾಡಿದ ಮೈ. ಐದು ತಿಂಗಳಿಂದ ಅದರ ಕಿಡ್ನಿಗೆ ಏನು ಕೆಲಸ ಕೊಟ್ಟಿದ್ದೀಯೋ ಏನೋ."

ಅವನಿಗೆ ರೇಗಿತು. ಮನುಷ್ಯರ ಮದ್ದನ್ನು ಮೀನಿಗೆ ಅರೆಯಬೇಡ ಎಂದ. ಆದರೂ ಅವಳು ಹೋದೊಡನೆ ಅಂಗಡಿಯಾಕೆಗೆ ಫೋನ್ ಮಾಡಿದ. "ಆರು ವಾರ ಅಂದ್ರೆ ಆರು ವಾರ ಸ್ವಾಮಿ! ಅದು ಔಷಧಿ, ಊಟ ಅಲ್ಲ" ಎಂದು ಆಕೆ ಬೈದಳು.

ಗಾಬರಿಗೆ ಬಿದ್ದವನು ಉಪ್ಪಿನ ಚೀಲವನ್ನೇ ಎತ್ತಿದ. ಅಷ್ಟರಲ್ಲಿ ಕೊಡೆ ಮರೆತು ಹೋಗಿದ್ದ ತಂಗಿ ವಾಪಸು ಬಂದು ಅವನ ಕೈ ಹಿಡಿದಳು. "ಒಂದೇ ಸಲ ಸುರಿದ್ರೆ ಈವತ್ತೇ ಸಾಯ್ತವೆ. ದಿನಕ್ಕೆ ಒಂದೂವರೆ, ಎರಡು ಗೆರೆ. ಅದಕ್ಕಿಂತ ಹೆಚ್ಚು ಬೇಡ."

ಆಮೇಲಿನ ದಿನಗಳಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಬಕೆಟ್ಟಿನಲ್ಲಿ ಉಪ್ಪು ಕರಗಿಸಿ ಲೋಟ ಲೋಟವಾಗಿ ಹೊಯ್ಯುತ್ತಿದ್ದ. ಗಂಟೆಗೊಮ್ಮೆ ಅಳೆಯುವ ಕೊಳವೆಯನ್ನು ಕಣ್ಣಿಗೆ ಹಿಡಿಯುತ್ತಿದ್ದ. ಕೊಳವೆಯೇ ಸುಳ್ಳು ಹೇಳುತ್ತಿದ್ದರೆ ಎಂದು ಒರೆಸಿ ಮತ್ತೆ ಹಿಡಿಯುತ್ತಿದ್ದ. ಚುಕ್ಕೆ ಮರಳಿತೇ ಎಂಬ ಭಯ ಒಂದು ಕಡೆ, ತಡವಾಯಿತೇ ಎಂಬ ಭಯ ಇನ್ನೊಂದು ಕಡೆ.

ಹತ್ತನೆಯ ದಿನ ಪುಟ್ಟ ಪಟ್ಟೆ ಮೀನು ತಳದಲ್ಲಿ ಬಿದ್ದಿತ್ತು. ಅಂದು ಬಾಗಿಲು ಅರ್ಧ ಎಳೆದು ತಂಗಿಯನ್ನು ಕರೆಸಿದ.

"ಏರಿಸಿದ್ದಕ್ಕೇ ಸತ್ತಿತು."

"ಏರಿಸೋದಕ್ಕೆ ತಡ ಮಾಡಿದ್ದಕ್ಕೆ ಇರಬೇಕು."

"ಇರಬೇಕು ಅಂದ್ರೆ?"

"ಗೊತ್ತಿಲ್ಲ ಅಂತ. ನಮ್ಮ ವಾರ್ಡಲ್ಲೂ ಎಷ್ಟೋ ಸಲ ಗೊತ್ತಾಗಲ್ಲ ಅಣ್ಣಾ. ಆದ್ರೂ ಮಾರನೇ ದಿನ ಮಿಷನ್ ಹಾಕ್ತೀವಿ."

ಅವನು ಸತ್ತ ಮೀನನ್ನು ಬಲೆಯಲ್ಲಿ ಎತ್ತಿದ. "ಹೆದರಿಕೊಂಡೇ ಕೊಂದೆ" ಎಂದ. ಅವಳು ಅಲ್ಲ ಎನ್ನಲಿಲ್ಲ. ಬಕೆಟ್ ಎತ್ತಿ ಕೊಟ್ಟಳು.

ಹದಿನೈದನೆಯ ದಿನ ಕೊಳವೆಯ ಗೆರೆ ಮೂವತ್ತೈದು ಮುಟ್ಟಿತು. ಮುಂದಿನ ತಿಂಗಳಲ್ಲಿ ಯಜಮಾನನ ಹೊಟ್ಟೆ ತುಂಬಿಕೊಂಡಿತು. ಹಳದಿ ಬಣ್ಣವೂ ಬಂತು, ಬಾಲದ ಬುಡದ ಒಂದು ತೇಪೆ ಮಾತ್ರ ಬಿಳಿಚಿಕೊಂಡೇ ಉಳಿಯಿತು. ಒಂದು ಸಂಜೆ ಅದು ಕಲ್ಲಿನ ಮರೆಯಿಂದ ನುಗ್ಗಿ ಕಿತ್ತಳೆ ಮೀನನ್ನು ಅಟ್ಟಿಸಿಕೊಂಡು ಹೋಯಿತು. ಕ್ಷೌರಿಕ ಬಾಗಿಲಿಗೆ ಓಡಿ, ಪಕ್ಕದ ಅಂಗಡಿಯ ದರ್ಜಿಯನ್ನು ಕೂಗಿದ: "ಬಾರಯ್ಯಾ ಬೇಗ, ನಮ್ಮೋನು ಜಗಳ ತೆಗೆದಿದ್ದಾನೆ!"