ಬಾವುಟಕ್ಕೆ ಬಿದ್ದ ಫೈಲಿನ ಗಂಟು

"ಏಳನೇ ಕ್ಲಾಸು ದಾಟದವನ ಕೈಗೆ ಬಾವುಟ ಕೊಟ್ಟವರು ಯಾರ್ರೀ? ಇದೇನು ಗ್ರೀಸ್ ಒರೆಸೋ ಬಟ್ಟೇನಾ?"

ಬೆಳಗಿನ ಹಾಜರಿಗೆ ಸಾಲಾಗಿ ನಿಂತಿದ್ದ ನಲವತ್ತು ಜನರ ಎದುರಿಗೇ ಬಸ್ ಡಿಪೋದ ಹೊಸ ಮ್ಯಾನೇಜರ್ ಹೀಗಂದರು. ಸ್ಟೆಪ್ನಿ ಆಗಿನ್ನೂ ಕಂಬದ ಬುಡದಲ್ಲಿ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನ ಕಿವಿ ಎರಡೂ ಕಾದ ಹಂಚಾದವು.

ಅವನು ಟಯರ್ ವಿಭಾಗದವನು. ಮೂರು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಯಾರು ರಜೆ ಹಾಕಿದರೂ ಬಸ್ಸಿನ ಬದಲಿ ಚಕ್ರದಂತೆ ಆ ಜಾಗಕ್ಕೆ ಇವನನ್ನು ತಗುಲಿಸುತ್ತಿದ್ದರು, ಅದಕ್ಕೇ ಆ ಹೆಸರು. ಡಿಪೋದಲ್ಲಿ ಅವನು ಮಾಡುತ್ತಿದ್ದ ಕೆಲಸವೆಲ್ಲ ಇನ್ನೊಬ್ಬರ ಬದಲಿಗೆ. ಬಾವುಟ ಮಾತ್ರ ಅವನದೇ. ಗೇಟಿನ ಕಾವಲುಗಾರನಾಗಿದ್ದ ಚಿಕ್ಕಪ್ಪ ನಿವೃತ್ತಿಯ ದಿನ ಹಗ್ಗವನ್ನು ಕೈಗಿಟ್ಟು ಹೇಳಿದ್ದ: "ನೆಲಕ್ಕೆ ತಾಗಿಸ್ಬೇಡ. ತಲೆಕೆಳಗು ಮಾಡ್ಬೇಡ. ಹರಿದಿದ್ದನ್ನ ಏರಿಸ್ಬೇಡ. ಕತ್ತಲಾಗೋಕೆ ಮುಂಚೆ ಇಳಿಸು. ಇನ್ನೆಲ್ಲಾ ಗಂಟಿನಲ್ಲಿದೆ ಮಗಾ." ಅಂದಿನಿಂದ ಸ್ಟೆಪ್ನಿ ದಿನಾ ಬೆಳಗ್ಗೆ ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ಕೈ ತೊಳೆದು, ಮೂಗಿಗೆ ಹಿಡಿದು ಮೂಸಿ, ವಾಸನೆ ಹೋಯಿತು ಅನ್ನಿಸಿದ ಮೇಲೇ ಬಾವುಟ ಮುಟ್ಟುತ್ತಿದ್ದ. ಹೆತ್ತ ತಾಯಿಗೂ ಇಷ್ಟು ಚೊಕ್ಕ ಕೈಯಲ್ಲಿ ನೀರು ಕೊಟ್ಟವನಲ್ಲ.

ಮಧ್ಯಾಹ್ನದೊಳಗೆ ನೋಟಿಸ್ ಬೋರ್ಡಿಗೆ ಆದೇಶ ಬಿತ್ತು: 'ಕಾರ್ಯಾಗಾರದ ಯಾವ ನೌಕರನೂ ಬಾವುಟವನ್ನಾಗಲಿ ಅದರ ಹಗ್ಗವನ್ನಾಗಲಿ ಮುಟ್ಟತಕ್ಕದ್ದಲ್ಲ.' ಮಾರನೆಯ ದಿನ ಹನ್ನೊಂದಕ್ಕೆ ಕೇಂದ್ರ ಕಚೇರಿಯ ದೊಡ್ಡ ಸಾಹೇಬರು ತನಿಖೆಗೆ ಬರುವವರಿದ್ದರು. ಬಾವುಟದ ಹೊಣೆ ರೆಕಾರ್ಡ್ ಗುಮಾಸ್ತನ ಪಾಲಾಯಿತು.

ಗುಮಾಸ್ತ ಪಾಪದವನು. ಮಾರನೆಯ ಬೆಳಗ್ಗೆ ಬಿಳಿ ಕೈಗವಸು ತೊಟ್ಟು, ಮದುಮಗನ ಹಾಗೆ ನಾಚುತ್ತಾ ಬಂದ. ಇಪ್ಪತ್ತೆರಡು ವರ್ಷದಿಂದ ಅವನ ಬೆರಳಿಗೆ ಗೊತ್ತಿದ್ದದ್ದು ಒಂದೇ ಗಂಟು: ಫೈಲಿನ ಟೇಪಿಗೆ ಹಾಕುವ, ಎಳೆದರೆ ಸರ್ರನೆ ಬಿಚ್ಚುವ ಹೂಗಂಟು. ಬಾವುಟದ ಕೆಳಗಿನ ಮೂಲೆಗೆ ಅದನ್ನೇ ಮುದ್ದಾಗಿ ಬಿಗಿದ.

"ಸಾರ್, ಆ ಗಂಟು..." ಅಂದ ಸ್ಟೆಪ್ನಿ.

"ಬಾಯಿ ಮುಚ್ಚು. ನಿನ್ನ ಪಂಕ್ಚರ್ ನೋಡ್ಕೋ ಹೋಗು," ಪಕ್ಕದಲ್ಲಿದ್ದ ಮ್ಯಾನೇಜರರು ಗದರಿದರು.

ಮುಚ್ಚಿದ. ಇಷ್ಟು ಖುಷಿಯಿಂದ ಅವನು ಯಾವತ್ತೂ ಬಾಯಿ ಮುಚ್ಚಿರಲಿಲ್ಲ.

ಹತ್ತೂಕಾಲಿಗೆ ಗಾಳಿ ಎದ್ದಿತು. ಹೂಗಂಟು ಸರ್ರನೆ ಬಿಚ್ಚಿತು. ಬಾವುಟ ಮೇಲಿನ ಒಂದೇ ಮೂಲೆಯಲ್ಲಿ ಜೋತುಬಿದ್ದು, ತಂತಿಗೆ ಒಣಹಾಕಿದ ಟವಲಿನಂತೆ ಪಟಪಟಿಸತೊಡಗಿತು. ಅದನ್ನು ಕೆಳಕ್ಕೆ ಎಳೆಯಬೇಕಾದ ಹಗ್ಗವೇ ಕಳಚಿಹೋಗಿತ್ತು. ಉಳಿದ ಹಗ್ಗ ಎಳೆದರೆ ಅದು ಇನ್ನೂ ಮೇಲಕ್ಕೆ ಹೋಗಿ ರಾಟೆಗೆ ಕಚ್ಚಿಕೊಳ್ಳುತ್ತಿತ್ತು. ಬಿಟ್ಟರೆ ಗಾಳಿಗೆ ಹಾರಿ, ಪಕ್ಕದ ಹಳೆ ಆಯಿಲ್ ಹೊಂಡಕ್ಕೇ ಬೀಳುವುದು.

"ಇಳೀತಾನೇ ಇಲ್ಲ ಸಾರ್," ಗುಮಾಸ್ತ ಅಳುವುದೊಂದು ಬಾಕಿ.

ಮ್ಯಾನೇಜರರು ಗಡಿಯಾರ ನೋಡಿದರು, ಕಂಬ ನೋಡಿದರು, ಕೊನೆಗೆ ಟಯರ್ ವಿಭಾಗದ ಕಡೆ ನೋಡಿದರು. "ಏಯ್ ಸ್ಟೆಪ್ನಿ! ಬಾರೋ ಇಲ್ಲಿ, ಹತ್ತು ಬೇಗ."

ಸ್ಟೆಪ್ನಿ ನಟ್ಟು ಬಿಗಿಯುತ್ತಲೇ ಅಂದ: "ಮುಟ್ಟಂಗಿಲ್ವಲ್ಲ ಸಾರ್. ಬೋರ್ಡ್ ಮೇಲೆ ಹಾಕಿದ್ದೀರಿ."

"ಅದನ್ನ ಈಗ ಯಾರಯ್ಯ ನೋಡ್ತಾರೆ?"

"ಏಳನೇ ಕ್ಲಾಸು ದಾಟದವನು ಸಾರ್ ನಾನು, ನೋಡಿದ್ರೂ ಓದೋಕೆ ಬರ್ಬೇಕಲ್ಲ. ಮೇಸ್ತ್ರಿ ಓದಿ ಹೇಳಿದ್ರು. ದೊಡ್ಡ ಸಾಹೇಬ್ರು ಬಂದು ಓದಿದ್ರೆ, ಆದೇಶ ಮೀರಿದ ಅಂತ ನನ್ನ ಕೆಲಸ ಹೋಗಲ್ವಾ?"

ಹೆಡ್ ಮೆಕ್ಯಾನಿಕ್ ಮೇಸ್ತ್ರಿ ಇಂಜಿನ್ನಿನೊಳಗೆ ತಲೆ ತೂರಿಸಿದ. ಅವನ ಬೆನ್ನು ಮಾತ್ರ ಕುಲುಕುತ್ತಿತ್ತು.

ಹತ್ತೂವರೆ. ಮ್ಯಾನೇಜರರು ಬಸ್ಸಿನ ಬಾನೆಟ್ಟಿನ ಮೇಲೇ ಕಾಗದ ಇಟ್ಟು ಹೊಸ ಆದೇಶ ಗೀಚಿದರು. ಅರ್ಧಕ್ಕೆ ಪೆನ್ನು ನಿಂತಿತು. "ಇವನ ಹೆಸರೇನ್ರೀ?"

"ಸ್ಟೆಪ್ನಿ ಅಂತಲೇ ಬರೀರಿ ಸಾರ್," ಅಂದ ಅವನು. "ಹಾಗಂದ್ರೇನೇ ಎಲ್ರಿಗೂ ಗೊತ್ತಾಗೋದು. ಹಾಗೇ ಒಂದ್ಸಲ ಜೋರಾಗಿ ಓದ್ಬಿಡಿ, ನಮ್ಮಂಥೋರಿಗೆ ಕೇಳ್ಬೇಕಲ್ಲ."

"ಹಿಂದಿನ ಸೀಟಿಗೂ ಕೇಳ್ಲಿ ಸಾರ್!" ಕಂಡಕ್ಟರ್ ಅಕ್ಕ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದಳು.

"ಬಾವುಟ ಏರಿಸುವ, ಇಳಿಸುವ, ಜೋಪಾನ ಮಾಡುವ ಕೆಲಸ ಇಂದಿನಿಂದ..." ಮ್ಯಾನೇಜರರು ಕೆಮ್ಮಿದರು, "...ಸ್ಟೆಪ್ನಿಯದು."

ಅವನಿಗೆ ಬೇಕಾಗಿದ್ದದ್ದು ಅದೇ. ಸ್ಟೆಪ್ನಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಸೀಮೆಎಣ್ಣೆ ಹಾಕಿ ಉಜ್ಜಿದ, ಸೋಪು ಹಾಕಿ ಉಜ್ಜಿದ, ಮೂಸಿದ, ಮನಸ್ಸಿಗೆ ಒಪ್ಪದೆ ಇನ್ನೊಮ್ಮೆ ಉಜ್ಜಿದ. ಮ್ಯಾನೇಜರರು ಕೆಂಡದ ಮೇಲೆ ನಿಂತವರಂತೆ ಕಾಲು ಬದಲಿಸುತ್ತಿದ್ದರು.

ಕಂಬದ ಪಕ್ಕಕ್ಕೆ ಬಸ್ಸು ತಂದು ನಿಲ್ಲಿಸಿದರು. ಅದರ ನೆತ್ತಿಯ ಮೇಲೆ ಏಣಿ ಇಟ್ಟು ಕಂಬಕ್ಕೆ ಒರಗಿಸಿದರು. ಬುಡವನ್ನು ಇಬ್ಬರು ಅದುಮಿ ಹಿಡಿದರು. ಸ್ಟೆಪ್ನಿ ಹತ್ತಿ, ಮೇಲಿನಿಂದ ಕೂಗಿದ: "ಸಾರ್, ಬಿಚ್ಚಿ ಬಿಟ್ರೆ ಕೆಳಗೆ ಯಾರಾದ್ರೂ ಹಿಡೀಬೇಕು. ನೆಲಕ್ಕೆ ತಾಗಿದ್ರೆ ಮರ್ಯಾದೆ ಮಣ್ಣಾಯ್ತು. ಇಲ್ಲಿ ಗ್ರೀಸ್ ಇಲ್ದಿರೋ ಕೈ ನಿಮ್ಮೊಬ್ರದ್ದೇ!"

ಗುಮಾಸ್ತ ತನ್ನ ಬಿಳಿ ಕೈಗವಸನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡ.

ಮ್ಯಾನೇಜರರು ಎರಡೂ ಕೈ ಚಾಚಿ ನಿಂತರು.

"ಸ್ವಲ್ಪ ಎಡಕ್ಕೆ ಸಾರ್. ಅಯ್ಯೋ, ಜಾಸ್ತಿ ಆಯ್ತು. ಬಲಕ್ಕೆ. ಇನ್ನೊಂದು ಹೆಜ್ಜೆ. ಗಾಳಿ ಆ ಕಡೆ ತಿರುಗ್ತು, ಹಿಂದಕ್ಕೆ ಬನ್ನಿ."

ಹಿಂದೆ ಇದ್ದದ್ದು ಆಯಿಲ್ ಹೊಂಡ. ಪಾಲಿಶ್ ಮಾಡಿದ ಬೂಟು ಹಿಮ್ಮಡಿಯವರೆಗೆ ಚಪಕ್ಕೆಂದು ಇಳಿಯಿತು. ನಲವತ್ತು ಜನ ಏಕಕಾಲಕ್ಕೆ ಆಕಾಶ ನೋಡತೊಡಗಿದರು. ಎರಡು ನಿಮಿಷದ ಕೆಲಸಕ್ಕೆ ಸ್ಟೆಪ್ನಿ ಏಳು ನಿಮಿಷ ತೆಗೆದುಕೊಂಡ. ಆದರೆ ಬಟ್ಟೆಯ ಒಂದು ಎಳೆಯೂ ಕೀಳದಂತೆ ಬಿಡಿಸಿದ. ಅದರಲ್ಲಿ ತಮಾಷೆ ಇರಲಿಲ್ಲ.

ಬಾವುಟ ತೇಲುತ್ತಾ ಬಂದು ಮ್ಯಾನೇಜರರ ತೋಳಿಗೆ ಬೀಳುವುದಕ್ಕೂ, ದೊಡ್ಡ ಸಾಹೇಬರ ಕಾರು ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು.

ಸಾಹೇಬರು ಇಳಿದು ಅಲ್ಲೇ ನಿಂತರು. ಹೊಂಡದಲ್ಲಿ ಬೂಟು, ತೋಳಿನಲ್ಲಿ ಕೂಸಿನಂತೆ ಬಾವುಟ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಮ್ಯಾನೇಜರನ್ನ ನೋಡಿಲ್ಲ ಕಣ್ರೀ. ಬೂಟು ಹೋದ್ರೂ ಚಿಂತೆಯಿಲ್ಲ, ನೆಲಕ್ಕೆ ತಾಗೋಕೆ ಬಿಡ್ಲಿಲ್ಲ!"

ಮ್ಯಾನೇಜರರ ಮುಖಕ್ಕೆ ಜೀವ ಬಂತು. "ಹುಡುಗನಿಗೂ ನಾನೇ ತರಬೇತಿ ಕೊಟ್ಟಿದ್ದೀನಿ ಸಾರ್. ಬಾವುಟದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು."

ಅಷ್ಟರಲ್ಲಿ ಕೆಳಗಿಳಿದಿದ್ದ ಸ್ಟೆಪ್ನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

"ಹೌದೇನಪ್ಪಾ?" ಸಾಹೇಬರು ಅವನತ್ತ ತಿರುಗಿದರು. "ಇವ್ರೇ ಕಲಿಸಿದ್ದಾ ನಿಂಗೆ?"

ಮ್ಯಾನೇಜರರ ಕಣ್ಣುಗಳು ಸ್ಟೆಪ್ನಿಯನ್ನು ಅಂಗಲಾಚುತ್ತಿದ್ದವು. ಸ್ಟೆಪ್ನಿಯ ನಾಲಿಗೆಯ ತುದಿಯಲ್ಲಿ ಒಂದಲ್ಲ, ಹತ್ತು ಉತ್ತರ ಇದ್ದವು, ಒಂದಕ್ಕಿಂತ ಒಂದು ಖಾರ.

ಅವನು ಬಾವುಟದ ನಾಲ್ಕೂ ಅಂಚು ಹಿಡಿದು ನೋಡಿದ. ಎಲ್ಲೂ ಹರಿದಿರಲಿಲ್ಲ. ಹಗುರವಾಗಿ ಮ್ಯಾನೇಜರರ ತೋಳಿನಿಂದ ಎತ್ತಿಕೊಂಡು, ಕಂಬದ ಬುಡಕ್ಕೆ ನಡೆದು, ಚಿಕ್ಕಪ್ಪ ಕಲಿಸಿದ ಗಂಟನ್ನು ಎಲ್ಲರೆದುರು ಬಿಗಿಯತೊಡಗಿದ.