ಒಂದೇ ಮೊಟ್ಟೆಯ ಕಟ್ಟು

ಕೊಯ್ಲು ಮುಗಿದ ಮೇಲೆ ನಮ್ಮೂರಿನಲ್ಲಿ ಒಂದು ಹಿಡಿ ಹುಲ್ಲು ಸಿಗುವುದೂ ಕಷ್ಟ. ಯಂತ್ರ ಬಂದು ಗದ್ದೆಯ ಹುಲ್ಲನ್ನೆಲ್ಲ ಸುತ್ತಿ, ಬಿಳಿ ಪ್ಲಾಸ್ಟಿಕ್ ಹೊದಿಸಿ, ಆಳೆತ್ತರದ ಉಂಡೆಗಳನ್ನಾಗಿ ಮಾಡಿಬಿಡುತ್ತದೆ. ಮಂಜು ಬಿದ್ದ ಬೆಳಗ್ಗೆ ಅವು ಯಾವುದೋ ದೊಡ್ಡ ಹಕ್ಕಿ ಇಟ್ಟು ಮರೆತ ಮೊಟ್ಟೆಗಳಂತೆ ಕಾಣುತ್ತವೆ. ಪಕ್ಕದ ಗದ್ದೆಗೆ ಯಂತ್ರ ಇಳಿಯುವ ಮುಂಚೆಯೇ ಅಜ್ಜಿ ಹೋಗಿ ಎರಡು ಹಿಡಿ ಹುಲ್ಲು ಕೇಳಿ ತಂದಳು, ನನ್ನ ಭೌತಶಾಸ್ತ್ರದ ಅಂಕಕ್ಕಾಗಿ.

ಶಾಲೆಯ ನಾಲ್ಕನೇ ಮಹಡಿಯಿಂದ ಹಸಿ ಮೊಟ್ಟೆಯನ್ನು ಬೀಳಿಸಬೇಕು, ಅದು ಒಡೆಯಬಾರದು. ಮನೆಯಲ್ಲಿ ಸಿಗುವ ಸಾಮಾನನ್ನಷ್ಟೇ ಬಳಸಬೇಕು. ಇದಕ್ಕೆ ಇಪ್ಪತ್ತು ಅಂಕ. ಪರೀಕ್ಷೆಯಲ್ಲಿ ನಾನು ಆಗಲೇ ಮುಳುಗಿದ್ದೆ. ಇದೂ ಕೈಕೊಟ್ಟರೆ ಚಳಿಗಾಲದ ರಜೆಯೆಲ್ಲ ಹೆಚ್ಚುವರಿ ತರಗತಿಯಲ್ಲೇ ಕಳೆಯಬೇಕಿತ್ತು.

ಅಜ್ಜಿ ಚಿಕ್ಕವಳಿದ್ದಾಗ ಹತ್ತು ಮೊಟ್ಟೆಗಳನ್ನು ಸಾಲಾಗಿಟ್ಟು, ಹುಲ್ಲಿನಲ್ಲಿ ಕಟ್ಟಿ ಸಂತೆಗೆ ಒಯ್ಯುತ್ತಿದ್ದರಂತೆ. ಆ ಕಟ್ಟಿನ ಮೇಲ್ಭಾಗ ತೆರೆದೇ ಇರುತ್ತದೆ.

"ಯಾಕಜ್ಜಿ ತೆರೆದು ಬಿಡೋದು?"

"ಒಳಗೆ ಮೊಟ್ಟೆ ಇದೆ ಅಂತ ಕಂಡ್ರೆ ತಾನೆ ಹೊತ್ಕೊಂಡು ಹೋಗೋನು ಮೆತ್ತಗೆ ಹೆಜ್ಜೆ ಹಾಕೋದು? ಮುಚ್ಚಿಬಿಟ್ರೆ ಗೆಣಸಿನ ಹಾಗೆ ಎಸೀತಾನೆ."

"ಇದನ್ನ ಯಾರೂ ಹೊರಲ್ಲ. ಭೂಮಿ ಎಳ್ಕೊಳ್ಳತ್ತೆ."

"ಭೂಮಿಗೆ ಕಣ್ಣಿಲ್ವಲ್ಲ. ಹಾಗಾದ್ರೆ ಮುಚ್ಚೋಣ."

ಅವಳು ಬಾಯಿ ತುಂಬ ನೀರು ತುಂಬಿಕೊಂಡು ಹುಲ್ಲಿನ ಮೇಲೆ ಉಗ್ಗಿದಳು. ಒಣ ಹುಲ್ಲು ಬಾಗುವುದಿಲ್ಲ, ಮುರಿಯುತ್ತದೆ. ಮೊಟ್ಟೆಯ ಸುತ್ತ ಹುಲ್ಲು ಹೆಣೆಯುತ್ತ, ಮೊಟ್ಟೆಯಿಂದ ಹುಟ್ಟಿದ ರಾಜನ ಕತೆಯನ್ನು ನೂರನೇ ಸಲ ಹೇಳಿದಳು. ಆ ಮೊಟ್ಟೆಯನ್ನು ದಾರಿಗೆ ಎಸೆದರೆ ಕುದುರೆಗಳು ತುಳಿಯದೆ ದಾಟಿದವಂತೆ, ಬಯಲಿಗೆ ಎಸೆದರೆ ಹಕ್ಕಿಗಳು ರೆಕ್ಕೆಯಿಂದ ಮುಚ್ಚಿ ಕಾದವಂತೆ. ತುದಿಯಲ್ಲಿ ಹುಲ್ಲನ್ನು ಉದ್ದ ಬಾಲದಂತೆ ಬಿಡುವ ಯೋಚನೆ ಮಾತ್ರ ನನ್ನದು. ನಾವು ಕಾಲಲ್ಲಿ ಒದ್ದು ಆಡುವ ಜೇಗಿಗೆ ಕೆಳಗೆ ನಾಣ್ಯದ ಭಾರ, ಮೇಲೆ ಕಾಗದದ ಕುಚ್ಚು ಇರುತ್ತದೆ. ಹೇಗೆ ಎಸೆದರೂ ಅದು ನಾಣ್ಯದ ಕಡೆಯಿಂದಲೇ ಬೀಳುತ್ತದೆ.

ಮರುದಿನ ಶಾಲೆಯಲ್ಲಿ ನನಗಿಂತ ಮುಂಚೆ ನಮ್ಮ ತರಗತಿಯ ಗ್ಯುಬಿನ್‌ನ ಸರದಿ ಬಂತು. ಕಸದ ಚೀಲದಿಂದ ಮಾಡಿದ ಅವನ ಪ್ಯಾರಾಚೂಟ್ ಗಾಳಿಗೆ ಓಲಾಡುತ್ತ ಹೋಗಿ ಸೈಕಲ್ ಸ್ಟ್ಯಾಂಡಿಗೆ ಬಡಿಯಿತು. ಹಳದಿ ಲೋಳೆ ಯಾರದೋ ಸೀಟಿನ ಮೇಲೆ ಇಳಿಯಿತು.

"ನಾರೆ, ಮುಂದೆ ನೀನು. ಕಟ್ಟು ಬಿಚ್ಚಿ ಮೊಟ್ಟೆ ಕೊಡು," ಎಂದರು ಭೌತಶಾಸ್ತ್ರದ ಗು ಸಾರ್. ಬೀಳಿಸುವ ಮುಂಚೆ ಪ್ರತಿ ಮೊಟ್ಟೆಯನ್ನೂ ಅವರು ಮೇಜಿನ ಮೇಲೆ ತಿರುಗಿಸಿ ನೋಡುತ್ತಿದ್ದರು. ಹಸಿಯದು ತೂರಾಡುತ್ತ ನಿಲ್ಲುತ್ತದೆ. ನನ್ನದು ಬುಗುರಿಯಂತೆ ತಿರುಗಿತು, ತಿರುಗುತ್ತಲೇ ಇತ್ತು.

"ಬೇಯಿಸಿದ್ದು," ಎಂದರು ಸಾರ್.

"ಬುತ್ತಿ ತಂದಿದಾಳೆ ಸಾರ್," ಎಂದ ಗ್ಯುಬಿನ್. "ಉಪ್ಪೆಲ್ಲೇ?"

ಎಲ್ಲರೂ ನಕ್ಕರು. ಮೊಟ್ಟೆ ಹಸಿಯದೇ ಇರಬೇಕೆಂದು ನಾನು ಅಜ್ಜಿಗೆ ಒತ್ತಿ ಹೇಳಿರಲಿಲ್ಲ. ನಮ್ಮ ಮನೆಯಿಂದ ದೂರ ಹೊರಟವರ ಚೀಲದೊಳಗೆ ಅವಳು ಇಂದಿಗೂ ಹಸಿ ಮೊಟ್ಟೆ ಇಡುವವಳಲ್ಲ.

"ನನಗೆ ಗೊತ್ತಿರಲಿಲ್ಲ ಸಾರ್. ಅಜ್ಜಿ ಕಟ್ಟಿದ್ದು."

"ಅಂಕ ಅಜ್ಜಿಗಾ, ನಿನಗಾ?" ಅವರು ಗಡಿಯಾರ ನೋಡಿದರು. "ಗಂಟೆ ಹೊಡಿಯೋಕೆ ಹತ್ತು ನಿಮಿಷ ಇದೆ. ಅಷ್ಟರಲ್ಲಿ ಹಸಿ ಮೊಟ್ಟೆ ಇಟ್ಟು ಕಟ್ಟಿದ್ರೆ ಐದಂಕ ಕಳೀತೀನಿ. ಇಲ್ದಿದ್ರೆ ಸೊನ್ನೆ."

ಗ್ಯುಬಿನ್ ತನ್ನ ಚೀಲದಿಂದ ಇನ್ನೊಂದು ಮೊಟ್ಟೆ ತೆಗೆದ. "ತಗೋ. ನಂದಂತೂ ಹೋಯ್ತು. ನಿನ್ನ ಗುಬ್ಬಿಗೂಡು ಏನಾಗತ್ತೆ ನೋಡೋಣ."

ಅದು ಅಂಗಡಿಯ ಮೊಟ್ಟೆ, ನಮ್ಮ ಕೋಳಿಯದಕ್ಕಿಂತ ದಪ್ಪ. ಹುಲ್ಲು ಆಗಲೇ ಒಣಗಿತ್ತು; ಮೊದಲ ಎಳೆ ಬಗ್ಗಿಸುತ್ತಲೇ ಪಟ್ಟನೆ ಮುರಿಯಿತು. ಅಜ್ಜಿ ಕಟ್ಟುವುದನ್ನು ನಾನು ನೋಡಿದ್ದೆನೇ ಹೊರತು ಒಮ್ಮೆಯೂ ಕಟ್ಟಿರಲಿಲ್ಲ. ನನ್ನ ಗಮನವೆಲ್ಲ ಯಾವಾಗಲೂ ಕತೆಯ ಕುದುರೆಗಳ ಕಡೆಗೇ ಇರುತ್ತಿತ್ತು.

ಬಾಟಲಿಯ ನೀರನ್ನು ಬಾಯಿ ತುಂಬ ತುಂಬಿಕೊಂಡು ಹುಲ್ಲಿನ ಮೇಲೆ ಉಗ್ಗಿದೆ.

"ಅಯ್ಯೋ, ಉಗೀತಾಳೆ," ಎಂದು ಯಾರೋ ಹಿಂದೆ ಸರಿದರು.

ಇನ್ನೊಮ್ಮೆ ಉಗ್ಗಿದೆ. ಹುಲ್ಲು ಮೆದುವಾಯಿತು. ಕೆಳಗೆ ದಪ್ಪಗೆ ಮಡಚಿ, ಸುತ್ತಲೂ ತಂದು, ಮೇಲೆ ಬಿಗಿದು ಬಾಲ ಬಿಟ್ಟೆ. ಗಂಟು ಹೇಗೆ ಬಿತ್ತೋ ನನಗೇ ತಿಳಿಯದು.

ಮಹಡಿಯ ಕಟಕಟೆಯಾಚೆ ಕೈ ಚಾಚಿ ಬಿಟ್ಟೆ. ಮೊದಲು ಒಂದು ಸುತ್ತು ಪಲ್ಟಿ ಹೊಡೆಯಿತು. ಆಮೇಲೆ ಬಾಲ ಮೇಲಾಗಿ, ಹೊಟ್ಟೆ ಕೆಳಗಾಗಿ ನೇರವಾಗಿ ಇಳಿಯಿತು. ನೆಲಕ್ಕೆ ತಾಗಿದಾಗ ಒದ್ದೆ ಬಟ್ಟೆ ಬಿದ್ದಂಥ ಸದ್ದು.

ನಾವು ಕೆಳಗೆ ಓಡುವಷ್ಟರಲ್ಲಿ ಗಂಟೆ ಹೊಡೆಯಿತು. ಸಾರ್ ಗಂಟು ಬಿಚ್ಚದೆ, ಪಕ್ಕದ ಹುಲ್ಲು ಸರಿಸಿ ಮೊಟ್ಟೆಯನ್ನು ಹೊರತೆಗೆದು ಬೆಳಕಿಗೆ ಹಿಡಿದರು, ಕಿವಿಯ ಬಳಿ ಅಲುಗಿಸಿದರು, ಆಮೇಲೆ ಬಟ್ಟಲಿನ ಅಂಚಿಗೆ ತಟ್ಟಿ ಒಡೆದರು. ಹಳದಿ ದುಂಡಗೆ ಕೂತಿತು.

"ಹದಿನೈದು," ಎಂದು ಬರೆದುಕೊಂಡರು.

ಸಂಜೆ ಅಜ್ಜಿ ಮೊದಲು ಹುಲ್ಲಿನ ಕಟ್ಟನ್ನೇ ಕೈಗೆತ್ತಿಕೊಂಡಳು. "ಇದು ನನ್ನ ಗಂಟಲ್ಲ."

"ನಂದು. ಬೇಯಿಸಿದ್ದನ್ನ ಯಾಕಿಟ್ಟೆ ಅಜ್ಜಿ?"

"ಒಡೀಬಾರದು ಅಂದೆಯಲ್ಲೇ ನೀನು," ಎಂದಳು, ತಪ್ಪೇನೂ ಆಗಿಲ್ಲವೆಂಬಂತೆ. ನನ್ನ ಗಂಟನ್ನು ಎಳೆದು ನೋಡಿದಳು. ಅದು ಬಿಚ್ಚಲಿಲ್ಲ. ಉಗುರು ಹಾಕಿದರೂ ಬಿಚ್ಚಲಿಲ್ಲ. "ಹ್ಞೂಂ," ಎಂದಳು. "ಆ ಬೇಯಿಸಿದ ಮೊಟ್ಟೆ ಏನಾಯ್ತು?"

"ಗ್ಯುಬಿನ್ ಅಂತ ಒಬ್ಬ. ತನ್ನ ಹಸಿ ಮೊಟ್ಟೆ ಕೊಟ್ಟ. ಬದಲಿಗೆ ಅದನ್ನ ಅವನಿಗೆ ಕೊಟ್ಟೆ, ತಿಂದ."

"ಉಪ್ಪು?"

"ಉಪ್ಪೆಲ್ಲಿ ಬರಬೇಕು ಅಲ್ಲಿ?"

ಅಜ್ಜಿಯ ಮುಖ ಸಣ್ಣಗಾಯಿತು. "ಕೊಟ್ಟೋನಿಗೆ ಸಪ್ಪೆ ಮೊಟ್ಟೆ ತಿನ್ನಿಸಿದೆಯಾ," ಎಂದು ಎದ್ದವಳೇ ಒಲೆಗೆ ನೀರಿಟ್ಟು, ಗೂಡಿನಿಂದ ಮೊಟ್ಟೆ ತರಲು ಹೋದಳು.